ಮಳೆ ಹಿಡಿಯುವ ಮೊದಲು ಬೇಲಿ ಗೂಟ ನೋಡಿಕೊಳ್ಳಿ

ಮಲೆನಾಡಿನ ಕಡೆ ಮನೆ ಇರುವವರು ಮೇ ತಿಂಗಳಲ್ಲೇ ಬೇಲಿ ಉದ್ದಕ್ಕೂ ಒಂದು ಸುತ್ತು ಹಾಕಿ ಬನ್ನಿ. ಮರದ ಗೂಟ ಮೊದಲು ಕೊಳೆಯುವುದು ನೆಲದ ಮಟ್ಟದಲ್ಲಿ. ತೇವ, ಗಾಳಿ ಎರಡೂ ಸಿಗುವ ಜಾಗ ಅದೇ ಅಲ್ವಾ. ಬುಡದ ಮಣ್ಣು ನಾಲ್ಕು ಬೆರಳಿನಷ್ಟು ಕೆದಕಿ, ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಬೆಣ್ಣೆಗೆ ಚುಚ್ಚಿದ ಹಾಗೆ ಒಳಗೆ ಹೋದರೆ ಆ ಗೂಟ ಆಷಾಢದ ಗಾಳಿ ತಡೆಯುವುದಿಲ್ಲ. ಮೇಲೆ ಸುಮ್ನೆ ಪೇಂಟ್ ಬಳಿದು ಏನೂ ಪ್ರಯೋಜನವಿಲ್ಲ, ಬದಲಿಸಿ.

ಹೊಸ ಗೂಟದ ತಲೆ ಓರೆಯಾಗಿ ಕತ್ತರಿಸಿ, ನೀರು ಜಾರಿ ಹೋಗಲಿ. ಸಿಮೆಂಟ್ ಹಾಕುವುದಾದರೆ ನೆಲಕ್ಕಿಂತ ಸ್ವಲ್ಪ ಎತ್ತರಿಸಿ, ಹೊರಕ್ಕೆ ಇಳಿಜಾರು ಕೊಡಿ. ಚಪ್ಪಟೆಯಾಗಿ ಬಿಟ್ಟರೆ ಅಲ್ಲೇ ನೀರು ನಿಂತು ಬುಡ ಹಾಳು.

ನನ್ನನ್ನು ಕೇಳಿದರೆ ಜೀವಂತ ಗೂಟವೇ ಮೇಲು, ಅಂದರೆ ನೆಟ್ಟರೆ ಬೇರು ಬಿಟ್ಟು ಚಿಗುರುವ ಹಸಿ ಕೊಂಬೆ. ಗ್ಲಿರಿಸಿಡಿಯಾದ (ಗೊಬ್ಬರದ ಗಿಡ) ತೋಳು ದಪ್ಪದ ಕೊಂಬೆ ಸಾಕು. ಹಾರೆಯಲ್ಲಿ ಗುಂಡಿ ಮಾಡಿಯೇ ನೆಡಿ. ತಲೆಗೆ ಬಡಿದು ಇಳಿಸಿದರೆ ಸಿಪ್ಪೆ ಸೀಳಿ ಕೊಳೆಯುತ್ತದೆ. ಬೇರು ಗಟ್ಟಿಯಾಗುವ ತನಕ ತಂತಿ ಎಳೆದು ಬಿಗಿಯಬೇಡಿ. ಚಿಗುರು ಜಾಸ್ತಿಯಾದರೆ ಸವರಿ, ಸೊಪ್ಪು ಅಡಿಕೆ ಬುಡಕ್ಕೆ ಹಾಕಿ. ಗೇಟಿಗೆ ಮಾತ್ರ ಕಲ್ಲುಕಂಬವೇ ಇರಲಿ.