ಕೋಳಿಯ ರಕ್ತದಲ್ಲಿ ಮೆಥಿಯೋನಿನ್‌ನ ಜಾಡು ಹಿಡಿದದ್ದು

ಸ್ನಾತಕೋತ್ತರ ಪ್ರಬಂಧಕ್ಕಾಗಿ ನಾನು ಮಾಂಸದ ಕೋಳಿಗಳಿಗೆ ಡಿಎಲ್-ಮೆಥಿಯೋನಿನ್ (ಪ್ರೋಟೀನ್ ಕಟ್ಟಲು ಬೇಕಾದ ಮೆಥಿಯೋನಿನ್ ಎಂಬ ಅಮೈನೋ ಆಮ್ಲದ ಕೃತಕ ಪುಡಿ) ತಿನ್ನಿಸಿ ನೋಡಿದ್ದು ಬಯಲುಸೀಮೆಯ ಬೇಸಿಗೆಯಲ್ಲಿ. ಬೇಕೆಂದೇ ಆ ಕಾಲವನ್ನು ಆರಿಸಿಕೊಂಡಿದ್ದೆ. ಬಿಸಿಲಿಗೆ ಕೊಕ್ಕು ತೆರೆದು ತೇಕುವ ಕೋಳಿಯ ಜೀವಕೋಶಗಳಲ್ಲಿ ಮುಕ್ತ ರ‍್ಯಾಡಿಕಲ್‌ಗಳೆಂಬ ಹಾನಿಕಾರಕ ಕಣಗಳ ಹಾವಳಿ ಹೆಚ್ಚುತ್ತದೆ. ಅವನ್ನು ತಡೆಯುವ ಉತ್ಕರ್ಷಣ ನಿರೋಧಕ ಶಕ್ತಿಗೆ ನಿಜವಾದ ಪರೀಕ್ಷೆ ನಡೆಯುವುದು ಆಗಲೇ.

ಮೆಕ್ಕೆಜೋಳ ಮತ್ತು ಸೋಯಾ ಹಿಂಡಿಯ ಮೇವಿನಲ್ಲಿ ಕೋಳಿಗೆ ಎಲ್ಲಕ್ಕಿಂತ ಮೊದಲು ಸಾಲದೆ ಬೀಳುವ ಅಮೈನೋ ಆಮ್ಲ ಮೆಥಿಯೋನಿನ್. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯ 1994ರ ಕೋಷ್ಟಕದಲ್ಲಿ ಮೊದಲ ಮೂರು ವಾರದ ಮರಿಗಳಿಗೆ ಶೇ 0.5 ಎಂದಿದೆ. ಒಂದು ಗುಂಪಿಗೆ ಅಷ್ಟನ್ನೇ ಇಟ್ಟು, ಉಳಿದವಕ್ಕೆ ಹಂತ ಹಂತವಾಗಿ ಏರಿಸಿದೆ. ಪುಡಿಯನ್ನು ಮೊದಲು ಸ್ವಲ್ಪ ಜೋಳದ ಹಿಟ್ಟಿನಲ್ಲಿ ಕಲಸಿ, ಆಮೇಲೆ ಇಡೀ ಮೇವಿಗೆ ಬೆರೆಸುತ್ತಿದ್ದೆ. ಇಷ್ಟು ಸಣ್ಣ ಪ್ರಮಾಣ ಸಮನಾಗಿ ಹರಡಲು ಬೇರೆ ದಾರಿಯಿಲ್ಲ.

ಯಕೃತ್ತಿನಲ್ಲಿ ಮೆಥಿಯೋನಿನ್ ಸಿಸ್ಟೀನ್ ಎಂಬ ಇನ್ನೊಂದು ಅಮೈನೋ ಆಮ್ಲವಾಗುತ್ತದೆ. ಅಲ್ಲಿಂದ ದಾರಿ ಕವಲೊಡೆಯುತ್ತದೆ: ಒಂದು ಕವಲು ಮುಕ್ತ ರ‍್ಯಾಡಿಕಲ್‌ಗಳನ್ನು ತಡೆಯುವ ಗ್ಲುಟಾಥಯೋನ್‌ಗೆ, ಇನ್ನೊಂದು ಟಾರಿನ್‌ಗೆ. ಟಾರಿನ್ ಪಿತ್ತಾಮ್ಲಗಳ ಜೊತೆ ಕೂಡುತ್ತದೆ. ಪಿತ್ತಾಮ್ಲಗಳು ಹುಟ್ಟುವುದೇ ಕೊಲೆಸ್ಟ್ರಾಲ್‌ನಿಂದ. ಹಾಗಾಗಿಯೇ ಗ್ಲುಟಾಥಯೋನ್ ಮತ್ತು ಕೊಲೆಸ್ಟ್ರಾಲ್ ಎರಡನ್ನೂ ಒಂದೇ ರಕ್ತದಲ್ಲಿ ಅಳೆಯಬೇಕೆಂದು ಹಟ ಹಿಡಿದೆ.

ಹೆಚ್ಚಿನ ಶ್ರಮ ಹೋಗಿದ್ದು ರಕ್ತ ತೆಗೆಯುವುದರಲ್ಲಿ. ಬಿಸಿಲೇರುವ ಮುನ್ನವೇ ರೆಕ್ಕೆಯ ರಕ್ತನಾಳದಿಂದ ನಿಧಾನವಾಗಿ ಎಳೆದುಕೊಳ್ಳುತ್ತಿದ್ದೆ. ಅವಸರಪಟ್ಟರೆ ಕೆಂಪು ರಕ್ತಕಣಗಳು ಒಡೆಯುತ್ತವೆ. ಆ ಕಣಗಳೊಳಗೆ ಗ್ಲುಟಾಥಯೋನ್ ತುಂಬಿರುವುದರಿಂದ ಪ್ಲಾಸ್ಮಾದ ಅಂಕಿಗಳೆಲ್ಲ ಸುಳ್ಳೇ ಉಬ್ಬುತ್ತವೆ. ಕೆಂಪು ಛಾಯೆ ಕಂಡ ಮಾದರಿಯನ್ನು ಯಾವ ಗುಂಪಿನದೆಂದು ನೋಡದೆ ಕೈಬಿಡುವ ನಿಯಮವನ್ನು ಮೊದಲೇ ಬರೆದಿಟ್ಟಿದ್ದೆ. ಕೊಲೆಸ್ಟ್ರಾಲನ್ನು ಕಿಣ್ವವಿಧಾನದ ಗುಲಾಬಿ ಬಣ್ಣದಲ್ಲಿ, 505 ನ್ಯಾನೋಮೀಟರ್ ತರಂಗಾಂತರದ ಬೆಳಕಿನಲ್ಲಿ ಓದಿದೆ. ಗ್ಲುಟಾಥಯೋನ್‌ಗೆ ಎಲ್ಮನ್ ಕಾರಕದ ಹಳದಿ, 412ರಲ್ಲಿ. ಕೊಬ್ಬು ಎಷ್ಟು ಕೆಟ್ಟಿದೆಯೆಂದು ತೋರಿಸುವ ಮ್ಯಾಲಾನ್‌ಡೈಆಲ್ಡಿಹೈಡ್ ಅನ್ನು 532ರಲ್ಲಿ.

ಮಧ್ಯಮ ಪ್ರಮಾಣದ ಗುಂಪಿನಲ್ಲಿ ಗ್ಲುಟಾಥಯೋನ್ ಸ್ಪಷ್ಟವಾಗಿ ಏರಿತ್ತು, ಮ್ಯಾಲಾನ್‌ಡೈಆಲ್ಡಿಹೈಡ್ ಇಳಿದಿತ್ತು. ಕೊಲೆಸ್ಟ್ರಾಲ್ ಮಾತ್ರ ಹೆಚ್ಚು ಕದಲಲಿಲ್ಲ. ಅತಿ ಹೆಚ್ಚು ತಿಂದ ಗುಂಪಿಗೆ ಯಾವ ಲಾಭವೂ ಆಗಲಿಲ್ಲ, ಮೇವು ತಿನ್ನುವುದೂ ತಗ್ಗಿತು. ಮಿತಿಮೀರಿದರೆ ಅತಿ ಹೆಚ್ಚು ಕೆಡುಕು ಮಾಡುವ ಅಮೈನೋ ಆಮ್ಲಗಳಲ್ಲಿ ಇದೂ ಒಂದು. ಇಲಿಗಳಲ್ಲಂತೂ ವಿಪರೀತ ಪ್ರಮಾಣವು, ಮೆಥಿಯೋನಿನ್ ಸಿಸ್ಟೀನ್ ಆಗುವ ದಾರಿಯಲ್ಲಿ ಹುಟ್ಟುವ ಹೋಮೋಸಿಸ್ಟೀನ್ ಜೊತೆಗೆ ಕೊಲೆಸ್ಟ್ರಾಲನ್ನೂ ಏರಿಸುತ್ತದೆ. ಆದ್ದರಿಂದ ಇದನ್ನು ಕೊಲೆಸ್ಟ್ರಾಲ್ ಇಳಿಸುವ ಔಷಧಿಯೆಂದು ಮಾರುವುದನ್ನು ನಾನು ಒಪ್ಪಲಾರೆ.

ಈಗ ಸಾಕಣೆದಾರರು ಎಷ್ಟು ಹಾಕಬೇಕೆಂದು ಕೇಳಿದರೆ, ಮೊದಲು ಸೋಯಾ ಹಿಂಡಿಯ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಲು ಹೇಳುತ್ತೇನೆ. ಹಿಂಡಿಯಲ್ಲಿ ಮೆಥಿಯೋನಿನ್ ಎಷ್ಟಿದೆ ಎನ್ನುವುದು ಚೀಲದಿಂದ ಚೀಲಕ್ಕೆ ಬದಲಾಗುತ್ತದೆ. ಕೊರತೆ ಎಷ್ಟೆಂದು ತಿಳಿದ ಮೇಲಷ್ಟೇ ಪುಡಿಯ ಲೆಕ್ಕ.