ಪಿಕಪ್‌ನಲ್ಲಿ ಮಾದರಿ ವಿಮಾನ ಸಾಗಿಸುವ ಬಗೆ: ನನ್ನ ಅನುಭವ

ರೇಡಿಯೊ ನಿಯಂತ್ರಿತ ಮಾದರಿ ವಿಮಾನದ ರೆಕ್ಕೆ ಹಾರಾಟದಲ್ಲಿ ತನ್ನ ತೂಕದ ಎಷ್ಟೋ ಪಟ್ಟು ಭಾರವನ್ನು ತಾಳುತ್ತದೆ, ಏಕೆಂದರೆ ಆ ಭಾರ ರೆಕ್ಕೆಯ ಉದ್ದಕ್ಕೂ ಹಂಚಿಹೋಗುತ್ತದೆ ಮತ್ತು ಒಳಗಿನ ಸ್ಪಾರ್, ಅಂದರೆ ರೆಕ್ಕೆಯುದ್ದದ ಮುಖ್ಯ ತೊಲೆ, ಅದನ್ನು ಹೊರುತ್ತದೆ. ಅದೇ ರೆಕ್ಕೆಯನ್ನು ಪಿಕಪ್‌ನ ಬಾಡಿಯಲ್ಲಿ ಮಲಗಿಸಿ ಹಗ್ಗ ಬಿಗಿದರೆ ಭಾರವೆಲ್ಲ ಹಗ್ಗ ತಗುಲಿದ ಜಾಗದ ಮೇಲೆಯೇ ಬಿದ್ದು, ರೆಕ್ಕೆಗೆ ಆಕಾರ ಕೊಡುವ, ಬಾಲ್ಸಾ ಎಂಬ ಹಗುರ ಮರದ ತೆಳುವಾದ ರಿಬ್‌ಗಳು ಅಲ್ಲಿ ಮುರಿಯುತ್ತವೆ. ದಾವಣಗೆರೆಯಿಂದ ಭರಮಸಾಗರದ ಕಡೆಯ ಬಂಧುಗಳ ಹೊಲಕ್ಕೆ ವಿಮಾನಗಳನ್ನು ಒಯ್ಯುವ ನಾನು, ಗಾಡಿಯ ಏರ್ಪಾಡನ್ನೆಲ್ಲ ಈ ವ್ಯತ್ಯಾಸವನ್ನು ಗಮನದಲ್ಲಿಟ್ಟುಕೊಂಡೇ ಮಾಡಿದ್ದೇನೆ.

ಪಿಕಪ್‌ನ ಹಿಂಭಾಗದ ಲೀಫ್ ಸ್ಪ್ರಿಂಗ್‌ಗಳು ಒಂದು ಟನ್ನಿಗೂ ಹೆಚ್ಚಿನ ಸರಕು ಹೊರುವುದಕ್ಕೆಂದು ಇರುವಂಥವು. ಮೂರು ವಿಮಾನಗಳನ್ನು ಒಟ್ಟು ಹಾಕಿದರೂ ತೂಕ ಹತ್ತು ಹನ್ನೆರಡು ಕಿಲೊ ಮೀರುವುದಿಲ್ಲವಾದ್ದರಿಂದ ಗಾಡಿ ಖಾಲಿ ಓಡಿದಂತೆಯೇ ಆಗುತ್ತದೆ. ಪ್ರತಿಯೊಂದು ಹಂಪ್‌ನಲ್ಲೂ ಅದರ ಹಿಂಭಾಗ ಮೇಲಕ್ಕೆ ಎತ್ತಿ ಒಗೆಯುತ್ತದೆ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹೋಗುವ ವೇಗಕ್ಕಿಂತ, ಹೆದ್ದಾರಿ ಬಿಟ್ಟು ಸರ್ವಿಸ್ ರಸ್ತೆಗೂ ಬಂಡಿ ಜಾಡಿಗೂ ಇಳಿದ ಮೇಲಿನ ಈ ಕುಪ್ಪಳಿಕೆಯೇ ವಿಮಾನಕ್ಕೆ ಹೆಚ್ಚು ಅಪಾಯಕಾರಿ ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಆದ್ದರಿಂದ ಹಿಂದಿನ ಆಕ್ಸಲ್‌ನ ನೇರಕ್ಕೆ ಮರಳಿನ ಚೀಲಗಳನ್ನು ಹಾಕಿ, ಅವು ಜರುಗದಂತೆ ಮರದ ಪಟ್ಟಿ ಹೊಡೆಸಿದ್ದೇನೆ. ನಮ್ಮ ಕಡೆಯ ಸುಗ್ಗಿಯ ದಿನಗಳಲ್ಲಿ ಮೆಕ್ಕೆಜೋಳದ ಚೀಲಗಳೇ ಆ ಕೆಲಸ ಮಾಡುತ್ತವೆ. ವಿಮಾನಗಳನ್ನು ಕ್ಯಾಬಿನ್ನಿಗೂ ಆಕ್ಸಲ್‌ಗೂ ನಡುವಿನ ಜಾಗದಲ್ಲಿ ಮಾತ್ರ ಇಡುತ್ತೇನೆ, ಏಕೆಂದರೆ ಆಕ್ಸಲ್‌ನಿಂದ ಹಿಂದಕ್ಕೆ ಹೋದಷ್ಟೂ ಏಟು ಜೋರಾಗುತ್ತದೆ.

ಬಾಡಿಯ ತಗಡಿನ ಮೇಲೆ ಗಾದಿ ಅಂಗಡಿಯಲ್ಲಿ ಸಿಗುವ ಎರಡು ಇಂಚಿನ ಫೋಮ್ ಹಾಸಿ, ಅದರ ಮೇಲೆ ಪ್ಲೈವುಡ್ ಹಲಗೆ ಕೂಡಿಸಿ, ಹಲಗೆಗೆ ಪಿವಿಸಿ ಪೈಪಿನ ಸ್ಟ್ಯಾಂಡ್ ಬಿಗಿದಿದ್ದೇನೆ. ವಿಮಾನದ ಒಡಲನ್ನು (ಫ್ಯೂಸಲಾಜ್) ರೆಕ್ಕೆ ಕೂರುವ ಗಟ್ಟಿ ಜಾಗದಲ್ಲಿ ಒಂದು ಕಡೆ, ಬಾಲಕ್ಕೆ ತುಸು ಮುಂಚೆ ಇನ್ನೊಂದು ಕಡೆ ಆನಿಸಿ, ಅಗಲವಾದ ವೆಲ್ಕ್ರೊ ಪಟ್ಟಿಯಿಂದ ಹಿಡಿಸುತ್ತೇನೆ. ವಿಮಾನದ ಚಕ್ರಗಳು ಕೆಳಗೆ ತಾಗಬಾರದು. ತಾಗಿದರೆ ರಸ್ತೆಯ ಏಟೆಲ್ಲ ಚಕ್ರದ ಕಾಲುಗಳನ್ನು (ಲ್ಯಾಂಡಿಂಗ್ ಗೇರ್) ಕೂರಿಸಿದ ವಿಮಾನದ ತೆಳು ಹಲಗೆಗೆ ಹೋಗುತ್ತದೆ. ಪ್ರೊಪೆಲ್ಲರ್ ಬಿಚ್ಚಿಯೇ ಹೊರಡುತ್ತೇನೆ. ರೆಕ್ಕೆಗಳನ್ನು ಬಿಡಿಸಿ, ಗಟ್ಟಿಯಾದ ಮುಂದಂಚು ಕೆಳಗೆ ಬರುವಂತೆ ಫೋಮ್ ಸೀಳುಗಳಲ್ಲಿ ನಿಲ್ಲಿಸುತ್ತೇನೆಯೇ ಹೊರತು ಒಂದರ ಮೇಲೊಂದು ಪೇರಿಸುವುದಿಲ್ಲ, ಏಕೆಂದರೆ ಒಂದರ ಕಂಟ್ರೋಲ್ ಹಾರ್ನ್ (ಅಲುಗುವ ಭಾಗದಿಂದ ಹೊರಚಾಚಿದ ಸಣ್ಣ ಕೊಂಡಿ) ಮತ್ತೊಂದರ ಹೊದಿಕೆಯನ್ನು ತೂತು ಮಾಡುತ್ತದೆ. ಸುತ್ತುವುದಕ್ಕೆ ಹಳೆಯ ಹತ್ತಿ ಬಟ್ಟೆಯೇ ಮೇಲು. ಬಬಲ್ ರ‍್ಯಾಪ್‌ನ ಗುಳ್ಳೆಗಳು ಬಿಸಿಲಿನಲ್ಲಿ ಹೊದಿಕೆಯ ಮೇಲೆ ಅಚ್ಚೊತ್ತುತ್ತವೆ.

ಕ್ಯಾಬಿನ್ನಿನ ಹಿಂದೆ ಗಾಳಿ ನೇರವಾಗಿ ಹಾಯದೆ ಸುಳಿಯಾಗಿ ತಿರುಗಿ ಹಿಂದಿನಿಂದ ಮುಂದಕ್ಕೆ ಬೀಸುತ್ತದೆ ಎಂಬುದು ಅನೇಕರ ಗಮನಕ್ಕೆ ಬರುವುದಿಲ್ಲ. ಆ ಸುಳಿ ಬಾಲದಲ್ಲಿ ಅಲುಗುವ ಭಾಗಗಳಾದ ರಡ್ಡರ್, ಎಲಿವೇಟರ್‌ಗಳನ್ನು ಹಿಂದಂಚಿನಿಂದ ಹಿಡಿದು ಬಡಿದಾಗ ಅವನ್ನು ತಿರುಗಿಸುವ ಸರ್ವೊ ಮೋಟರಿನ ಪ್ಲಾಸ್ಟಿಕ್ ಹಲ್ಲುಗಳು ಸವೆಯುತ್ತವೆ. ಮೂಗು ಮುಂದಕ್ಕೆ ಮಾಡಿ ಇಟ್ಟರಷ್ಟೇ ಸಾಲದು. ಕಬ್ಬಿಣದ ಕಮಾನುಗಳ ಮೇಲೆ ಬಿಳಿಯ ತಾಡಪಾಲನ್ನು, ಅದು ಪಟಪಟ ಬಡಿಯದಂತೆ, ಬಿಗಿಯಾಗಿ ಕಟ್ಟಿಸಿದ್ದೇನೆ. ಜೊತೆಗೆ ಅಲುಗುವ ಭಾಗಗಳಿಗೆಲ್ಲ ಫೋಮ್ ಅಂಟಿಸಿದ ಕ್ಲಿಪ್ ಹಾಕಿ, ತೆಗೆಯಲು ಮರೆಯದಂತೆ ಕೆಂಪು ರಿಬ್ಬನ್ ಕಟ್ಟುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಿತ್ರದುರ್ಗದ ಗುಡ್ಡಗಳ ಗಾಳಿಯಂತ್ರಗಳನ್ನು ತಿರುಗಿಸುವ ಗಾಳಿ ಹೆದ್ದಾರಿಯಲ್ಲಿ ಅಡ್ಡವಾಗಿಯೂ ಬೀಸುವುದರಿಂದ, ಆ ತಿಂಗಳುಗಳಲ್ಲಿ ಬೆಳಕು ಹರಿಯುವ ಮುನ್ನವೇ ಹೊರಡುವುದು ಒಳ್ಳೆಯದು.

ಲಿಥಿಯಂ ಪಾಲಿಮರ್ ಬ್ಯಾಟರಿಗಳು ವಿಮಾನಗಳ ಜೊತೆ ಹಿಂದೆ ಹೋಗುವುದಿಲ್ಲ. ಅವನ್ನು ಬೆಂಕಿ ತಡೆಯುವ ಚೀಲದಲ್ಲಿ ಹಾಕಿ, ಕ್ಯಾಬಿನ್ನಿನಲ್ಲಿ ಬಿಸಿಲು ಬೀಳದ ಕಡೆ ಕೆಳಗೆ ಇಡುತ್ತೇನೆ. ಪ್ರತಿ ಸೆಲ್ಲಿಗೆ 4.2 ವೋಲ್ಟ್‌ವರೆಗೆ ಪೂರ್ತಿ ಚಾರ್ಜ್ ಮಾಡುವುದು ಹೊರಡುವ ಹಿಂದಿನ ರಾತ್ರಿ ಮಾತ್ರ. ಮಿಕ್ಕ ದಿನಗಳಲ್ಲಿ 3.8 ವೋಲ್ಟ್‌ನ ಆಸುಪಾಸಿನಲ್ಲಿ ಇಡುತ್ತೇನೆ. ಏಪ್ರಿಲ್ ಬಿಸಿಲಿನಲ್ಲಿ ಗಾಜು ಏರಿಸಿ ನಿಲ್ಲಿಸಿದ ಗಾಡಿಯಲ್ಲಿ ಅವನ್ನು ಸ್ವಲ್ಪ ಹೊತ್ತು ಬಿಡುವುದೂ ಬೇಡ.

ಚಳ್ಳಕೆರೆಯ ಬಳಿ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ ಇರುವುದರಿಂದ ಆ ದಿಕ್ಕಿನ ಬಯಲನ್ನು ನಾನು ಬಳಸುವುದಿಲ್ಲ. ಎಲ್ಲಿಗೇ ಹೊರಟರೂ ಡಿಜಿಟಲ್ ಸ್ಕೈ ಎಂಬ ಸರ್ಕಾರಿ ಡ್ರೋನ್ ತಾಣದ ನಕ್ಷೆಯಲ್ಲಿ ಆ ಜಾಗ ಹಸಿರು ವಲಯ, ಅಂದರೆ ಮುಂಗಡ ಅನುಮತಿ ಬೇಡದ ವಲಯವೆಂದು ನೋಡಿಕೊಂಡೇ ಗಾಡಿ ತುಂಬುತ್ತೇನೆ.

ಹೊಲ ಮುಟ್ಟಿದ ಮೇಲೆ ರಸ್ತೆಯ ಅದುರಿಕೆಗೆ ಸಡಿಲವಾಗಿರಬಹುದಾದ ಮೋಟರಿನ ಸ್ಕ್ರೂ, ಕ್ಲೆವಿಸ್ (ಸರ್ವೊ ಕಡ್ಡಿಯ ತುದಿಯ ಕೊಂಡಿ), ಕೀಲುಗಳನ್ನು ಬೆರಳಿನಿಂದ ಅಲುಗಿಸಿ ನೋಡುತ್ತೇನೆ. ಬ್ಯಾಟರಿ ಕೂರಿಸಿ ಗುರುತ್ವಕೇಂದ್ರವನ್ನು ಪರೀಕ್ಷಿಸುತ್ತೇನೆ. ಟ್ರಾನ್ಸ್‌ಮಿಟರ್‌ನ ಶಕ್ತಿ ತಗ್ಗಿಸಿ ಮೂವತ್ತು ಹೆಜ್ಜೆ ದೂರದಿಂದ ಸಂಕೇತ ಸಿಗುತ್ತದೆಯೇ ಎಂದು ಖಚಿತಪಡಿಸಿಕೊಳ್ಳುತ್ತೇನೆ. ಸ್ಟಿಕ್ ತಿರುಗಿಸಿದಾಗ ಯಾವುದಾದರೂ ಸರ್ವೊ ಕಟಕಟ ಸದ್ದು ಮಾಡಿದರೆ ಅದರ ಹಲ್ಲು ಹೋಗಿದೆ ಎಂದರ್ಥ. ಅಂಥ ವಿಮಾನವನ್ನು ಆ ದಿನ ಹಾರಿಸದೆ ಮತ್ತೆ ಸ್ಟ್ಯಾಂಡಿಗೇ ಏರಿಸುತ್ತೇನೆ.