ಎಂಜಿಬಿ ರೋಡ್‌ಸ್ಟರ್: ಎಂಜಿನ್ ಮುಗ್ಗರಿಸುವುದು ನಿಂತದ್ದು ಹೀಗೆ

ಮನೆಯಲ್ಲೇ ದುರಸ್ತಿಯಾಗುತ್ತಿರುವ ನನ್ನ ಎಂಜಿಬಿ (ಬ್ರಿಟನ್ನಿನ ಹಳೆಯ ಸ್ಪೋರ್ಟ್ಸ್ ಕಾರು) ನಿಂತಲ್ಲಿ ಹದವಾಗಿ ಓಡುತ್ತಿತ್ತು. ಆಕ್ಸಿಲರೇಟರ್ ಒತ್ತಿದೊಡನೆ ಮಾತ್ರ ಮುಗ್ಗರಿಸುತ್ತಿತ್ತು. ಕಿಡಿಗೆ ಸಂಬಂಧಿಸಿದ ಪ್ಲಗ್, ಪಾಯಿಂಟ್, ಟೈಮಿಂಗ್ ಎಲ್ಲವೂ ಸರಿಯಿದ್ದವು. ಕೊನೆಗೆ ಪೆಟ್ರೋಲನ್ನು ಗಾಳಿಯೊಡನೆ ಬೆರೆಸುವ ಜೋಡಿ ಎಸ್‌ಯು ಕಾರ್ಬ್ಯುರೇಟರ್‌ಗಳ ಮೇಲಿನ ಮುಚ್ಚಳ ತಿರುಗಿಸಿ ತೆಗೆದೆ. ಮುಚ್ಚಳಕ್ಕೆ ಅಂಟಿಕೊಂಡ ಡ್ಯಾಂಪರ್ ಕಡ್ಡಿಯಲ್ಲಿ ಎಣ್ಣೆಯ ಪಸೆಯೇ ಇರಲಿಲ್ಲ!

ಆ ಎಣ್ಣೆ ಬರಿಯ ಜಾರಿಕೆಗಲ್ಲ. ಆಕ್ಸಿಲರೇಟರ್ ಒತ್ತಿ ಥ್ರಾಟಲ್ ತೆರೆದಾಗ ಕಾರ್ಬ್ಯುರೇಟರ್‌ನೊಳಗಿನ ಪಿಸ್ಟನ್ ಸರ್ರನೆ ಮೇಲೇರದಂತೆ ತಡೆಯುತ್ತದೆ. ಆಗ ಗಾಳಿಯ ಎಳೆತ ಹೆಚ್ಚುತ್ತದೆ. ಆ ಕ್ಷಣಕ್ಕೆ ಬೇಕಾದ ಹೆಚ್ಚಿನ ಪೆಟ್ರೋಲ್ ಜೆಟ್ ಎಂಬ ಕಿರುರಂಧ್ರದಿಂದ ಬರುವುದು ಹೀಗೆಯೇ.

ಪಿಸ್ಟನ್‌ಗಳನ್ನು ಪೆಟ್ರೋಲಿನಲ್ಲಿ ತೊಳೆದೆ. ಉಪ್ಪುಕಾಗದ ಮುಟ್ಟಿಸಲೇಬಾರದು, ಒಂದು ಕಾರ್ಬ್ಯುರೇಟರ್‌ನ ಪಿಸ್ಟನ್ ಇನ್ನೊಂದಕ್ಕೆ ಹಾಕಲೂಬಾರದು. 20 ಗ್ರೇಡ್ ಎಣ್ಣೆ ತುಂಬಿದೆ. ಡ್ಯಾಂಪರ್ ಇಳಿಸುವಾಗ ಬೆರಳಿಗೆ ಮೆತ್ತನೆಯ ತಡೆ ಸಿಕ್ಕಿತು, ಮಟ್ಟ ಸರಿಯಾಯಿತು. ಈಗ 1798 ಸಿಸಿ ಎಂಜಿನ್ ಒತ್ತಿದಷ್ಟೂ ನಯವಾಗಿ ವೇಗ ಪಡೆಯುತ್ತದೆ. ಇನ್ನು ಉಳಿದದ್ದು ಮಡಚುವ ಛಾವಣಿಯ ಹೊಲಿಗೆ.